ಸೆರೆ, ತಡೆ, ಕಟ್ಟು: ಇಂಗ್ಲಿಷಿನ ಬಂಧನದ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಲ್ಲಿ ಟ್ರಾಫಿಕ್‌ನಲ್ಲೂ ಸಿಕ್ಕಿಹಾಕಿಕೊಳ್ಳುತ್ತೇವೆ, ಸುರಂಗ ಕುಸಿದರೆ ಅದರೊಳಗೂ ಸಿಕ್ಕಿಹಾಕಿಕೊಳ್ಳುತ್ತೇವೆ, ಲಂಚ ತಗೊಳ್ಳುವಾಗ ಲೋಕಾಯುಕ್ತರ ಕೈಗೂ ಸಿಕ್ಕಿಹಾಕಿಕೊಳ್ಳುತ್ತೇವೆ. ಕ್ರಿಯಾಪದ ಒಂದೇ, ಉಳಿದದ್ದನ್ನು ಸಂದರ್ಭ ಹೇಳುತ್ತದೆ. ಇಂಗ್ಲಿಷಿನಲ್ಲಿ ಹಾಗೆ ನಡೆಯುವುದಿಲ್ಲ. ಅನುವಾದ ಮಾಡುವವರು, ಸುದ್ದಿಮನೆಯವರು, ವಕೀಲರ ಕಚೇರಿಯ ಗುಮಾಸ್ತರು, ಕಂಪನಿಯಲ್ಲಿ ದಿನಾ ಮೇಲ್ ಬರೆಯುವವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೆಲವು ಉತ್ತರ ಉದ್ದ, ಕೆಲವು ಎರಡೇ ಸಾಲು.

ಇಷ್ಟೊಂದು ಪದಗಳಿವೆಯಲ್ಲ, ಯಾವುದು ಎಲ್ಲಿ ಅಂತ ತಿಳಿಯುವುದು ಹೇಗೆ?

ನಿಘಂಟು ತೆರೆಯುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ತಡೆದವರು ಯಾರು? ಯಾವ ಅಧಿಕಾರದಿಂದ ತಡೆದರು? ಹೊರಗೆ ಬರುವ ದಾರಿ ಇದೆಯೋ ಇಲ್ಲವೋ? ಪೊಲೀಸರು ತಡೆದರೆ ಒಂದು ಪದ, ಮಳೆ ತಡೆದರೆ ಇನ್ನೊಂದು, ಮಂಡಿನೋವು ತಡೆದರೆ ಮತ್ತೊಂದು. ಈ ಮೂರಕ್ಕೆ ಉತ್ತರ ಸಿಕ್ಕರೆ ಬಹುಪಾಲು ಪದಗಳು ತಾವಾಗಿಯೇ ಬೇರೆಬೇರೆಯಾಗುತ್ತವೆ. ನಿಘಂಟಿನಲ್ಲಿ ಎಲ್ಲದರ ಮುಂದೆಯೂ ‘ಬಂಧಿಸು, ನಿರ್ಬಂಧಿಸು’ ಎಂದೇ ಬರೆದಿರುವುದರಿಂದ ಅದೊಂದನ್ನೇ ನಂಬಿ ಕೂತರೆ ಉಪಯೋಗವಿಲ್ಲ.

ಕನ್‌ಫೈನ್, ರಿಸ್ಟ್ರಿಕ್ಟ್ ಎರಡೂ ಒಂದೇ ಅಲ್ಲವೇ?

ಕನ್‌ಫೈನ್ ಅಂದರೆ ಒಂದು ಎಲ್ಲೆಯೊಳಗೆ ಇಡುವುದು. ರಿಸ್ಟ್ರಿಕ್ಟ್ ಅಂದರೆ ಇರುವ ಸ್ವಾತಂತ್ರ್ಯಕ್ಕೆ ಮಿತಿ ಹಾಕುವುದು. ‘ದಿ ಫೈರ್ ವಾಸ್ ಕನ್‌ಫೈನ್ಡ್ ಟು ದಿ ಗ್ರೌಂಡ್ ಫ್ಲೋರ್’ ಅಂದರೆ ಬೆಂಕಿ ಕೆಳಗಿನ ಮಹಡಿ ಬಿಟ್ಟು ಮೇಲೆ ಹೋಗಲಿಲ್ಲ. ಬೆಂಕಿಗೆ ಯಾರೂ ನಿಯಮ ಹಾಕಿಲ್ಲ, ಆದ್ದರಿಂದ ಇಲ್ಲಿ ರಿಸ್ಟ್ರಿಕ್ಟೆಡ್ ಬರೆದರೆ ಓದುವವರಿಗೆ ಏನೋ ಎಡವಿದಂತಾಗುತ್ತದೆ. ಅದೇ ‘ಎಂಟ್ರಿ ಈಸ್ ರಿಸ್ಟ್ರಿಕ್ಟೆಡ್ ಟು ಮೆಂಬರ್ಸ್’ ಎಂಬಲ್ಲಿ ಯಾರೋ ನಿಯಮ ಮಾಡಿದ್ದಾರೆ. ಎರಡರ ನಂತರವೂ ‘ಟು’ ಬರುತ್ತದೆ. ‘ಕನ್‌ಫೈನ್ಡ್ ಇನ್’ ತಪ್ಪಲ್ಲ, ಆದರೆ ಅದು ನಿಜವಾದ ಗೋಡೆಗಳಿಗೆ: ಕೋಣೆ, ಬೋನು, ಸೆಲ್.

ಇನ್ನೊಂದು ಸಣ್ಣ ವಿಷಯ. ಕ್ರಿಯಾಪದದಲ್ಲಿ ಒತ್ತು ‘ಫೈನ್’ ಮೇಲೆ. ‘ವಿದಿನ್ ದಿ ಕಾನ್‌ಫೈನ್ಸ್ ಆಫ್’ ಎಂದು ನಾಮಪದವಾಗಿ ಬಂದಾಗ ಒತ್ತು ಮೊದಲ ಅಕ್ಷರದ ಮೇಲೆ.

ಎಫ್‌ಐಆರ್‌ನಲ್ಲಿ ‘ರಾಂಗ್‌ಫುಲ್ ರಿಸ್ಟ್ರೇಂಟ್’ ಅಂತ ಇದೆ. ‘ರಾಂಗ್‌ಫುಲ್ ಕನ್‌ಫೈನ್‌ಮೆಂಟ್’ ಬೇರೆ ಅಪರಾಧವೇ?

ಬೇರೆಯೇ, ಶಿಕ್ಷೆಯೂ ಬೇರೆ. ನಿಮಗೆ ಹೋಗುವ ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಅಡ್ಡಗಟ್ಟುವುದು ರಿಸ್ಟ್ರೇಂಟ್. ಯಾವ ದಿಕ್ಕಿಗೂ ಒಂದು ಎಲ್ಲೆ ಮೀರಿ ಹೋಗದಂತೆ ಮಾಡುವುದು ಕನ್‌ಫೈನ್‌ಮೆಂಟ್. ಜಮೀನಿಗೆ ಹೋಗುವ ಬಂಡಿದಾರಿಗೆ ಪಕ್ಕದ ಹೊಲದವನು ಅಡ್ಡ ನಿಂತರೆ ಮೊದಲನೆಯದು, ಏಕೆಂದರೆ ನೀವು ತಿರುಗಿ ಮನೆಗೆ ಹೋಗಬಹುದು. ಪಂಪ್‌ಹೌಸಿನೊಳಗೆ ಕೂಡಿ ಚಿಲಕ ಹಾಕಿದರೆ ಎರಡನೆಯದು.

ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಇವು 339 ಮತ್ತು 340ನೇ ಕಲಮುಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 126 ಮತ್ತು 127. ರಿಸ್ಟ್ರೇಂಟ್‌ಗೆ ಒಂದು ತಿಂಗಳವರೆಗೆ ಸಾದಾ ಸಜೆ, ಕನ್‌ಫೈನ್‌ಮೆಂಟ್‌ಗೆ ಒಂದು ವರ್ಷದವರೆಗೆ ಸಜೆ. ಬೀಗವೇ ಬೇಕೆಂದೂ ಇಲ್ಲ. ಕಟ್ಟಡದ ಬಾಗಿಲುಗಳಲ್ಲಿ ಬಂದೂಕು ಹಿಡಿದವರನ್ನು ನಿಲ್ಲಿಸಿ ‘ಹೊರಗೆ ಬಂದರೆ ಗುಂಡು ಹಾರಿಸುತ್ತೇವೆ’ ಎಂದರೂ ಅದು ಕನ್‌ಫೈನ್‌ಮೆಂಟ್ ಎಂದು ಹಳೆಯ ಸಂಹಿತೆಯ ಉದಾಹರಣೆಯೇ ಹೇಳುತ್ತದೆ. ಅಧಿಕಾರಿಯ ಕೋಣೆಗೆ ಮುತ್ತಿಗೆ ಹಾಕಿ ಗಂಟೆಗಟ್ಟಲೆ ಕೂರಿಸುವ ಘೇರಾವ್ ಕೂಡ ಇದೇ ಸಾಲಿಗೆ ಬರುತ್ತದೆ ಎಂದು ಕಲ್ಕತ್ತಾ ಹೈಕೋರ್ಟ್ 1967ರಲ್ಲಿ ಹೇಳಿತ್ತು. ಅಂದಹಾಗೆ ‘ಘೇರಾವ್’ ಈಗ ಇಂಗ್ಲಿಷ್ ನಿಘಂಟಿನಲ್ಲೂ ಇದೆ. ಅದನ್ನು ಅನುವಾದಿಸಲು ಹೆಣಗಬೇಡಿ.

ಕನ್ನಡದ ದೂರಿನಲ್ಲಿ ‘ಅಡ್ಡಗಟ್ಟಿದರು’, ‘ಕೂಡಿಹಾಕಿದರು’ ಎಂಬ ಎರಡು ಮಾತು ಸಾಕು. ವ್ಯತ್ಯಾಸ ಪೂರ್ತಿ ಅಲ್ಲೇ ಇದೆ, ಸಂಸ್ಕೃತದ ಗಡಸು ಪದ ಹುಡುಕಬೇಕಿಲ್ಲ.

ಅರೆಸ್ಟ್, ಡಿಟೇನ್, ಕಸ್ಟಡಿ, ರಿಮಾಂಡ್: ಸುದ್ದಿಯಲ್ಲಿ ಇವನ್ನು ಕಲಸಿಬಿಡುತ್ತಾರೆ. ಸರಿಯಾದದ್ದು ಯಾವುದು?

ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ, ಒಬ್ಬ ಮನುಷ್ಯನ ಮಾನದ ಪ್ರಶ್ನೆಯೂ ಇಲ್ಲೇ ಇದೆ. ಪೊಲೀಸರು ವಿಚಾರಣೆಗೆಂದು ಕರೆದೊಯ್ದು ಠಾಣೆಯಲ್ಲಿ ಕೂರಿಸಿದವನು ‘ಡಿಟೇನ್ಡ್’. ಕನ್ನಡ ಪತ್ರಿಕೆಗಳು ಇದಕ್ಕೆ ‘ವಶಕ್ಕೆ ಪಡೆದರು’ ಎಂದು ಬರೆಯುವುದು ತಕ್ಕ ಮಾತು. ಅರೆಸ್ಟ್ ಅಂದರೆ ಕಾನೂನಿನ ಪ್ರಕಾರ, ಕಾರಣ ತಿಳಿಸಿ ಬಂಧಿಸಿದ್ದು. ಅಲ್ಲಿಂದ ಗಡಿಯಾರ ಓಡತೊಡಗುತ್ತದೆ: ಸಂವಿಧಾನದ 22ನೇ ವಿಧಿಯಂತೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬರೀ ವಿಚಾರಣೆಗೆ ಕರೆದೊಯ್ದವನನ್ನು ‘ಬಂಧಿತ’ ಎಂದು ಶೀರ್ಷಿಕೆಯಲ್ಲಿ ಹಾಕಿದರೆ ಸಂಜೆ ಅವನು ಮನೆಗೆ ಹೋದ ಮೇಲೂ ಆ ಪದ ಊರಿನಲ್ಲಿ ಉಳಿದುಬಿಡುತ್ತದೆ.

ಕಸ್ಟಡಿ ಎಂಬುದು ಬಂಧನವಾದ ಮೇಲಿನ ಸ್ಥಿತಿ. ಪೊಲೀಸ್ ಕಸ್ಟಡಿಯಲ್ಲಿ ಆರೋಪಿ ಠಾಣೆಯ ಲಾಕಪ್‌ನಲ್ಲಿ, ತನಿಖಾಧಿಕಾರಿಯ ಕೈಯಲ್ಲಿ ಇರುತ್ತಾನೆ. ಸಾಮಾನ್ಯ ಅಪರಾಧ ಪ್ರಕರಣಗಳಲ್ಲಿ ಇದು ಒಟ್ಟು 15 ದಿನ ಮೀರುವಂತಿಲ್ಲ. ಜುಡಿಶಿಯಲ್ ಕಸ್ಟಡಿ, ಅಂದರೆ ನ್ಯಾಯಾಂಗ ಬಂಧನದಲ್ಲಿ ಅವನು ಜೈಲಿನಲ್ಲಿ, ಕೋರ್ಟಿನ ಸುಪರ್ದಿಯಲ್ಲಿ. ಹೀಗೆ ಒಪ್ಪಿಸುವ ಆದೇಶವೇ ರಿಮಾಂಡ್. ಹಾಗಾಗಿ ‘ಪೊಲೀಸರು ರಿಮಾಂಡ್ ಮಾಡಿದರು’ ಎಂಬುದು ತಪ್ಪು, ಪೊಲೀಸರು ರಿಮಾಂಡ್ ಕೇಳುತ್ತಾರೆ, ಕೊಡುವುದು ಮ್ಯಾಜಿಸ್ಟ್ರೇಟರು.

ಡಿಟೆನ್ಶನ್‌ಗೆ ಇನ್ನೊಂದು ಮುಖವಿದೆ. ಅಪರಾಧ ಮಾಡಿದ್ದಕ್ಕಲ್ಲ, ಮಾಡಬಹುದೆಂಬ ಶಂಕೆಗೆ ಹಿಡಿದಿಡುವುದು ಪ್ರಿವೆಂಟಿವ್ ಡಿಟೆನ್ಶನ್. ತುರ್ತುಪರಿಸ್ಥಿತಿಯಲ್ಲಿ, 1975ರ ಜೂನ್ 26ರಂದು, ಬೆಂಗಳೂರಿಗೆ ಬಂದಿದ್ದ ವಾಜಪೇಯಿ ಮತ್ತು ಅಡ್ವಾಣಿಯವರನ್ನು ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಆ ಜೈಲಿನ ಜಾಗದಲ್ಲೇ ಈಗ ಫ್ರೀಡಂ ಪಾರ್ಕ್ ಇದೆ. ಹೀಗೆ ಹಿಡಿದಿಟ್ಟವರನ್ನು ನಮ್ಮ ಕೋರ್ಟಿನ ಇಂಗ್ಲಿಷ್ ‘ಡಿಟೆನ್ಯೂ’ ಎನ್ನುತ್ತದೆ, ‘ಪ್ರಿಸನರ್’ ಎನ್ನುವುದಿಲ್ಲ. ಇದು ಹೆಚ್ಚಾಗಿ ಭಾರತದಲ್ಲೇ ಚಾಲ್ತಿಯಲ್ಲಿರುವ ಪದ, ಅಮೆರಿಕದವರಿಗೆ ಬರೆಯುವಾಗ ‘ಡಿಟೇನೀ’ ಎನ್ನಿ.

ಒಂದು ಎಚ್ಚರಿಕೆ: ಗಂಡಹೆಂಡಿರ ವ್ಯಾಜ್ಯದಲ್ಲಿ ಬರುವ ‘ಚೈಲ್ಡ್ ಕಸ್ಟಡಿ’ಯಲ್ಲಿ ಬಂಧನವೇನೂ ಇಲ್ಲ, ಅದು ಮಗುವಿನ ಪಾಲನೆಯ ಹಕ್ಕು. ಯಂತ್ರಾನುವಾದವೊಂದು ಅದನ್ನು ‘ಮಗುವಿನ ಬಂಧನ’ ಮಾಡಿ ಕೊಟ್ಟರೆ ಆಶ್ಚರ್ಯಪಡಬೇಡಿ. ‘ಕಾರ್ಡಿಯಾಕ್ ಅರೆಸ್ಟ್’ನಲ್ಲೂ ಪೊಲೀಸರಿಲ್ಲ, ಅಲ್ಲಿ ಅರೆಸ್ಟ್ ಅಂದರೆ ನಿಂತುಹೋಗುವುದು.

ಶಾಲೆಯವರು ಮಗನನ್ನು ‘ಡಿಟೇನ್’ ಮಾಡಿದ್ದಾರೆ ಅಂದರೆ?

ನಮ್ಮ ದೇಶದಲ್ಲಾದರೆ, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಉಳಿಸಿದ್ದಾರೆ ಅಂತ. ‘ನೋ ಡಿಟೆನ್ಶನ್ ಪಾಲಿಸಿ’ ಎಂದು ಕೇಳಿರುತ್ತೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಹಾಗೆ ಉಳಿಸಬಾರದು ಎಂದಿತ್ತು, 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗಳಲ್ಲಿ ಆ ತೀರ್ಮಾನವನ್ನು ಸರ್ಕಾರಗಳ ವಿವೇಚನೆಗೆ ಬಿಟ್ಟಿತು. ಅದೇ ಮಾತನ್ನು ಡಲ್ಲಾಸ್‌ನಲ್ಲೋ ಲಂಡನ್‌ನಲ್ಲೋ ಇರುವ ನಿಮ್ಮ ಮಗಳು ಮೊಮ್ಮಗನ ಬಗ್ಗೆ ಹೇಳಿದರೆ ಗಾಬರಿಯಾಗಬೇಡಿ. ಅಲ್ಲಿ ಶಾಲೆ ಬಿಟ್ಟ ಮೇಲೆ ಶಿಕ್ಷೆಯಾಗಿ ಸ್ವಲ್ಪ ಹೊತ್ತು ಕೂರಿಸಿಕೊಳ್ಳುವುದಕ್ಕೆ ಡಿಟೆನ್ಶನ್ ಎನ್ನುತ್ತಾರೆ.

ಜೈಲ್, ಪ್ರಿಸನ್, ಲಾಕಪ್?

ಲಾಕಪ್ ಠಾಣೆಯ ಸೆಲ್. ಉಳಿದೆರಡಕ್ಕೆ ನಮ್ಮಲ್ಲಿ ಆಡುಮಾತಿನಲ್ಲಿ ವ್ಯತ್ಯಾಸವಿಲ್ಲ. ಪರಪ್ಪನ ಅಗ್ರಹಾರದ್ದು ದಾಖಲೆಯಲ್ಲಿ ಸೆಂಟ್ರಲ್ ಪ್ರಿಸನ್, ಬಾಯಲ್ಲಿ ಜೈಲು. ಅಮೆರಿಕದಲ್ಲಿ ಮಾತ್ರ ಜೈಲ್ ಎಂದರೆ ಸ್ಥಳೀಯ ಆಡಳಿತದ್ದು, ವಿಚಾರಣಾಧೀನರು ಮತ್ತು ಸಣ್ಣ ಶಿಕ್ಷೆಯವರು ಇರುವಂಥದ್ದು. ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯವರು ರಾಜ್ಯದ ಅಥವಾ ಫೆಡರಲ್ ಪ್ರಿಸನ್‌ಗೆ ಹೋಗುತ್ತಾರೆ.

ವ್ಯಾಕರಣದ ಒಂದು ಸೂಕ್ಷ್ಮ ಇಲ್ಲಿ ಮರ್ಯಾದೆ ಉಳಿಸುತ್ತದೆ. ‘ಹಿ ವೆಂಟ್ ಟು ಪ್ರಿಸನ್’ ಅಂದರೆ ಅವನು ಕೈದಿಯಾಗಿ ಹೋದ. ‘ಹಿ ವೆಂಟ್ ಟು ದಿ ಪ್ರಿಸನ್’ ಅಂದರೆ ಯಾವುದೋ ಕೆಲಸಕ್ಕೆ, ಯಾರನ್ನೋ ನೋಡಲು ಆ ಕಟ್ಟಡಕ್ಕೆ ಹೋದ. ವಕೀಲರ ಬಗ್ಗೆ ಬರೆಯುವಾಗ ‘ದಿ’ ಮರೆಯಬೇಡಿ.

ಅಜ್ಜಿಯ ಕಾಲದ ಆಸ್ಪತ್ರೆ ಚೀಟಿಯಲ್ಲಿ ‘ಕನ್‌ಫೈನ್‌ಮೆಂಟ್’ ಅಂತಿದೆ. ಅಜ್ಜಿಯನ್ನು ಕೂಡಿಹಾಕಿದ್ದರೇ?

ಇಲ್ಲ, ಹೆರಿಗೆಯಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ ಹೆರಿಗೆ ಮತ್ತು ಅದರ ಸುತ್ತಲ ದಿನಗಳಿಗೆ ಕನ್‌ಫೈನ್‌ಮೆಂಟ್ ಎನ್ನುವುದು ಸಭ್ಯ ಮಾತು. ವೈದ್ಯರ ಚೀಟಿಯಲ್ಲಿ ಈಗ ‘ಇಡಿಡಿ’ (ಎಕ್ಸ್‌ಪೆಕ್ಟೆಡ್ ಡೇಟ್ ಆಫ್ ಡೆಲಿವರಿ) ಎಂದು ಬರೆಯುವ ದಿನಾಂಕವನ್ನು ಆಗ ‘ಇಡಿಸಿ’, ಅಂದರೆ ಎಕ್ಸ್‌ಪೆಕ್ಟೆಡ್ ಡೇಟ್ ಆಫ್ ಕನ್‌ಫೈನ್‌ಮೆಂಟ್ ಎನ್ನುತ್ತಿದ್ದರು. 1948ರ ಇಎಸ್‌ಐ ಕಾಯ್ದೆ, ಅಂದರೆ ಕಾರ್ಖಾನೆ ಮುಂತಾದ ಕಡೆಯ ನೌಕರರ ವಿಮಾ ಕಾಯ್ದೆ, ಈ ಪದಕ್ಕೆ ವ್ಯಾಖ್ಯೆಯನ್ನೇ ಕೊಟ್ಟಿತ್ತು: ಜೀವಂತ ಮಗು ಹುಟ್ಟುವ ಹೆರಿಗೆ, ಅಥವಾ 26 ವಾರ ತುಂಬಿದ ನಂತರದ ಹೆರಿಗೆ, ಮಗು ಬದುಕಿದ್ದರೂ ಇಲ್ಲದಿದ್ದರೂ. ಹಾಗಾಗಿ ಹಳೆಯ ಫ್ಯಾಕ್ಟರಿ ದಾಖಲೆ ಅನುವಾದಿಸುವಾಗ ‘ಬಂಧನ’ ಎಂದು ಬರೆದರೆ ಅನರ್ಥ.

ಪದ ಸತ್ತಿಲ್ಲ. ಸಿಂಗಪುರ, ಮಲೇಷ್ಯಾಗಳಲ್ಲಿ ಬಾಣಂತಿಯನ್ನು ನೋಡಿಕೊಳ್ಳಲು ಬರುವ ಹೆಂಗಸಿಗೆ ಇವತ್ತಿಗೂ ‘ಕನ್‌ಫೈನ್‌ಮೆಂಟ್ ನ್ಯಾನಿ’ ಎನ್ನುತ್ತಾರೆ. ನಮ್ಮ ಬಾಣಂತನಕ್ಕೆ ಇಂಗ್ಲಿಷಿನಲ್ಲಿ ಹತ್ತಿರದ ಮಾತು ಇದೇ ಎಂದು ನನ್ನ ಅನಿಸಿಕೆ. ಕತ್ತಲ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ: ಕನ್‌ಫೈನ್‌ಮೆಂಟ್ ಅಲ್ಲದೆ ಇನ್ನೇನು! ಆದರೆ ಅಮೆರಿಕದ ಆಸ್ಪತ್ರೆಯಲ್ಲಿ ಈ ಪದ ಬಳಸಬೇಡಿ, ನರ್ಸ್ ತಪ್ಪು ತಿಳಿದಾರು.

ಸ್ಟಕ್, ಟ್ರ್ಯಾಪ್ಡ್, ಸ್ಟ್ರ್ಯಾಂಡೆಡ್, ಮರೂನ್ಡ್: ಯಾವಾಗ ಯಾವುದು?

ಸ್ಟಕ್ ಹಗುರ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನೀವು ಸ್ಟಕ್. ಕಿರಿಕಿರಿ ಇದೆ, ಅಪಾಯವಿಲ್ಲ. ಹಡಗಿಗೂ ಸಲ್ಲುತ್ತದೆ: 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸ್ಟಕ್ ಆಗಿತ್ತು.

ಟ್ರ್ಯಾಪ್ಡ್ ಅಂದರೆ ಹೊರದಾರಿ ಮುಚ್ಚಿದೆ, ಜೀವಕ್ಕೆ ಅಪಾಯವಿದೆ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು ಒಳಗುಳಿದ 41 ಕಾರ್ಮಿಕರು ಟ್ರ್ಯಾಪ್ಡ್. ನವೆಂಬರ್ 28ರಂದು ಅವರೆಲ್ಲ ಹೊರಬಂದರು. ಅಲ್ಲಿ ‘ಸ್ಟಕ್’ ಬರೆದ ವರದಿಗಳೂ ಇದ್ದವು. ತಪ್ಪೆನ್ನಲಾರೆ, ಆದರೆ ತೂಕ ಸಾಲದು. ಲೋಕಾಯುಕ್ತರು ‘ಟ್ರ್ಯಾಪ್’ ಮಾಡಿದರು ಎನ್ನುವುದು ನಮ್ಮ ಕಚೇರಿಭಾಷೆ. ಹೊರದೇಶದ ಓದುಗರಿಗಾದರೆ ‘ಕಾಟ್ ಟೇಕಿಂಗ್ ಎ ಬ್ರೈಬ್’ ಸಾಕು.

ಸ್ಟ್ರ್ಯಾಂಡೆಡ್‌ನಲ್ಲಿ ಗೋಡೆಯಿಲ್ಲ, ವಾಹನವಿಲ್ಲ ಅಥವಾ ದಾರಿಯಿಲ್ಲ. ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ಹೊರಡದೆ ರಾತ್ರಿಯಿಡೀ ಕೂತ ಪ್ರಯಾಣಿಕರು ಸ್ಟ್ರ್ಯಾಂಡೆಡ್. ಈ ಪದದ ಬಗ್ಗೆ ಈಚೆಗೆ ದೊಡ್ಡ ಜಗಳವೇ ಆಯಿತು. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 2024ರ ಜೂನ್ 5ರಂದು ಹೆಚ್ಚುಕಮ್ಮಿ ಎಂಟು ದಿನದ ಕೆಲಸಕ್ಕೆಂದು ಬಾಹ್ಯಾಕಾಶಕ್ಕೆ ಹೋಗಿ 2025ರ ಮಾರ್ಚ್‌ನಲ್ಲಿ ಮರಳಿದರು. ಮಾಧ್ಯಮಗಳು ಸ್ಟ್ರ್ಯಾಂಡೆಡ್ ಎಂದವು, ನಾಸಾ ಒಪ್ಪಲಿಲ್ಲ, ಗಗನಯಾತ್ರಿಗಳೂ ಒಪ್ಪಲಿಲ್ಲ. ತುರ್ತಾದರೆ ಇಳಿದು ಬರುವ ವ್ಯವಸ್ಥೆ ಇದ್ದೇ ಇತ್ತಲ್ಲ ಎಂಬುದು ಅವರ ವಾದ. ಅದನ್ನು ಒಪ್ಪಿದರೂ, ಹೋದ ನೌಕೆ ಅವರನ್ನು ಬಿಟ್ಟು ಖಾಲಿ ಬಂದಿದ್ದು ನಿಜ, ಜನ ಆ ಪದ ಬಳಸಿದ್ದರಲ್ಲಿ ನನಗೆ ದೊಡ್ಡ ತಪ್ಪು ಕಾಣುವುದಿಲ್ಲ.

ಮರೂನ್ಡ್ ಎಂದರೆ ಸುತ್ತಲೂ ನೀರು. ಕೃಷ್ಣೆ ತುಂಬಿ ರಾಯಚೂರಿನ ನಡುಗಡ್ಡೆಗಳ ಸಂಪರ್ಕ ಕಡಿದಾಗ ಇಂಗ್ಲಿಷ್ ಪತ್ರಿಕೆಗಳಿಗೆ ಒದಗುವ ಪದ ಇದು. ನೀರಿಲ್ಲದ ಕಡೆಯೂ ಸಾಹಿತ್ಯದ ಧಾಟಿಯಲ್ಲಿ ಬಳಸುತ್ತಾರೆ, ವರದಿಯಲ್ಲಿ ಬೇಡ.

‘ವೀಲ್‌ಚೇರ್-ಬೌಂಡ್’ ಬರೆಯಬಾರದು ಅನ್ನುತ್ತಾರಲ್ಲ, ಯಾಕೆ?

ಬೌಂಡ್ ಅಂದರೆ ಕಟ್ಟಿಹಾಕಿದ. ಗಾಲಿಕುರ್ಚಿ ಯಾರನ್ನೂ ಕಟ್ಟಿಹಾಕುವುದಿಲ್ಲ, ಅದಿಲ್ಲದಿದ್ದರೆ ಮನೆಯಲ್ಲೇ ಕೂರಬೇಕಾದವರನ್ನು ಹೊರಗೆ ಕರೆದೊಯ್ಯುತ್ತದೆ ಎಂದು ಅದನ್ನು ಬಳಸುವವರೇ ಹೇಳುತ್ತಾ ಬಂದಿದ್ದಾರೆ. ‘ವೀಲ್‌ಚೇರ್ ಯೂಸರ್’ ಎನ್ನಿ. ‘ಕನ್‌ಫೈನ್ಡ್ ಟು ಎ ವೀಲ್‌ಚೇರ್’ಗೂ ಇದೇ ಆಕ್ಷೇಪ. ಕಟ್ಟೆ ಎತ್ತರದ ಫುಟ್‌ಪಾತು, ಲಿಫ್ಟಿಲ್ಲದ ತಾಲ್ಲೂಕು ಕಚೇರಿ, ಇವು ಕಟ್ಟಿಹಾಕುತ್ತವೆ, ಕುರ್ಚಿಯಲ್ಲ. ‘ಹೌಸ್‌ಬೌಂಡ್’ ಮಾತ್ರ ನಡೆಯುತ್ತದೆ, ಮನೆ ಬಿಟ್ಟು ಹೊರಡಲಾಗದವರಿಗೆ.

‘ಮೈಸೂರು-ಬೌಂಡ್ ಟ್ರೈನ್’ನಲ್ಲಿರುವ ಬೌಂಡ್ ಬೇರೆಯೇ ಮೂಲದ್ದು, ‘ಹೊರಟಿರುವ’ ಎಂಬರ್ಥದ ಹಳೆಯ ನಾರ್ಸ್ ಪದದಿಂದ ಬಂದದ್ದು. ಹಗ್ಗಕ್ಕೂ ಅದಕ್ಕೂ ನಂಟಿಲ್ಲ.

ಇನ್ನು ‘ಬಾಂಡೆಡ್ ಲೇಬರ್’. ಗೋಡೆಯಿಲ್ಲ, ಸರಪಳಿಯಿಲ್ಲ, ಸಾಲವೇ ಕಟ್ಟು. ನಮ್ಮ ‘ಜೀತ’ ಅದಕ್ಕಿಂತ ಖಡಕ್ಕಾದ ಮಾತು. 1976ರ ಕಾಯ್ದೆ ಅದನ್ನು ರದ್ದು ಮಾಡಿತು. ಐಟಿ ಕಂಪನಿಯವರು ಎರಡು ವರ್ಷದ ‘ಬಾಂಡ್’ ಬರೆಸಿಕೊಂಡಿದ್ದಕ್ಕೆ ‘ಐ ಆಮ್ ಎ ಬಾಂಡೆಡ್ ಲೇಬರರ್’ ಎಂದು ಹುಡುಗರು ತಮಾಷೆ ಮಾಡುತ್ತಾರೆ. ಜೀತ ಕಂಡ ಮನೆಯವರ ಮುಂದೆ ಈ ತಮಾಷೆ ಬೇಡ.

ಕ್ವಾರಂಟೈನ್, ಐಸೊಲೇಷನ್, ಲಾಕ್‌ಡೌನ್, ಸೀಲ್‌ಡೌನ್?

ಸೋಂಕು ತಗುಲಿರಬಹುದೆಂದು ದೂರ ಇಡುವುದು ಕ್ವಾರಂಟೀನ್, ಸೋಂಕು ಖಚಿತವಾದವರನ್ನು ಬೇರೆ ಇಡುವುದು ಐಸೊಲೇಷನ್. ಹೌದು, ಉಚ್ಚಾರ ‘ಟೀನ್’. ಆದರೆ 2020ರಲ್ಲಿ ಕರ್ನಾಟಕ ಇಡೀ ‘ಟೈನ್’ ಎಂದೇ ಹೇಳಿತು, ಕನ್ನಡ ಬರವಣಿಗೆಯಲ್ಲಿ ಅದನ್ನು ತಿದ್ದುವ ಹಟ ನನಗಿಲ್ಲ. ಮೂಲದಲ್ಲಿ ಇದು ವೆನಿಸ್ ಕಡೆಯ ‘ನಲವತ್ತು ದಿನ’. ಅದಕ್ಕೂ ಮೊದಲು, 1377ರಲ್ಲಿ, ಈಗ ಡುಬ್ರೊವ್ನಿಕ್ ಎನ್ನುವ ರಗೂಸಾ ಪ್ಲೇಗಿಗೆ ಹೆದರಿ ಹಡಗುಗಳಲ್ಲಿ ಬಂದವರನ್ನು ಮೂವತ್ತು ದಿನ ಹೊರಗೆ ಇಡುತ್ತಿತ್ತು.

ಲಾಕ್‌ಡೌನ್ ಮೊದಲು ಜೈಲಿನ ಪದ: ಗಲಾಟೆಯಾದರೆ ಕೈದಿಗಳನ್ನೆಲ್ಲ ಸೆಲ್‌ಗೆ ಹಾಕಿ ಬೀಗ ಜಡಿಯುವುದು. ಅಮೆರಿಕದ ಶಾಲೆಗಳಲ್ಲಿ ಬಂದೂಕುಧಾರಿ ನುಗ್ಗಿದಾಗ ಮಕ್ಕಳನ್ನು ತರಗತಿಯೊಳಗೆ ಇಟ್ಟು ಬಾಗಿಲು ಹಾಕುವುದಕ್ಕೂ ಇದೇ ಪದ. ಅಲ್ಲಿರುವ ಸಂಬಂಧಿ ‘ಸ್ಕೂಲ್ ಲಾಕ್‌ಡೌನ್‌ನಲ್ಲಿದೆ’ ಎಂದು ಮೆಸೇಜ್ ಹಾಕಿದರೆ ಜ್ವರದ ವಿಷಯ ಅಂದುಕೊಳ್ಳಬೇಡಿ.

ಸೀಲ್‌ಡೌನ್ ನಮ್ಮದು! ಬೀದಿಯ ತುದಿಗೆ ತಗಡು ಬಡಿದು, ಬಿದಿರು ಕಟ್ಟಿ, ‘ಕಂಟೈನ್‌ಮೆಂಟ್ ಜೋನ್’ ಫ್ಲೆಕ್ಸ್ ತೂಗುಹಾಕಿದ್ದನ್ನು ಕನ್ನಡ ಚಾನೆಲ್‌ಗಳು ಸೀಲ್‌ಡೌನ್ ಎಂದವು. ಇಂಗ್ಲಿಷಿನಲ್ಲಿ ಅದು ‘ಸೀಲ್ಡ್ ಆಫ್’ ಅಥವಾ ‘ಕಾರ್ಡನ್ಡ್ ಆಫ್’. ಕನ್ನಡದಲ್ಲಿ ಬರೆಯುವಾಗ ಸೀಲ್‌ಡೌನ್ ಇರಲಿ, ಆ ದಿನಗಳ ತಗಡಿನ ಸದ್ದು ಅದರಲ್ಲಿದೆ.

ನೂರಾ ನಲವತ್ನಾಲ್ಕು ಹಾಕಿದರೆ ಕರ್ಫ್ಯೂ ಅಲ್ಲವೇ?

ಅಲ್ಲ. ಸೆಕ್ಷನ್ 144 ಎಂದರೆ ನಿಷೇಧಾಜ್ಞೆ, ಇಂಗ್ಲಿಷಿನಲ್ಲಿ ‘ಪ್ರೊಹಿಬಿಟರಿ ಆರ್ಡರ್ಸ್’. ಸಾಮಾನ್ಯವಾಗಿ ಐದು ಅಥವಾ ಹೆಚ್ಚು ಜನ ಗುಂಪುಗೂಡಬಾರದು ಎಂದಿರುತ್ತದೆ, ಹಾಲು ತರಲು ಹೋಗಬಹುದು. ಕರ್ಫ್ಯೂ ಎಂದರೆ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೆಕ್ಷನ್ 144 ಈಗ 163 ಆಗಿದೆ, ಜನರ ಬಾಯಲ್ಲಿ 144 ಇನ್ನೂ ಬಹಳ ಕಾಲ ಇರುತ್ತದೆ. ವಿದೇಶದಲ್ಲಿ ಮಕ್ಕಳಿಗೆ ತಂದೆತಾಯಿ ‘ಒಂಬತ್ತರೊಳಗೆ ಮನೆಯಲ್ಲಿರಬೇಕು’ ಎನ್ನುವುದೂ ಕರ್ಫ್ಯೂವೇ.

ಕ್ಯಾಪ್ಟಿವ್ ಪವರ್ ಪ್ಲಾಂಟ್‌ನಲ್ಲಿ ಸೆರೆಯಲ್ಲಿರುವುದು ಏನು?

ವಿದ್ಯುತ್ತು, ಹೆಚ್ಚುಕಮ್ಮಿ. ಕಾರ್ಖಾನೆಯೊಂದು ತನ್ನ ಬಳಕೆಗೆಂದೇ ನಡೆಸುವ ವಿದ್ಯುತ್ ಘಟಕಕ್ಕೆ ಆ ಹೆಸರು. ಅನುವಾದದಲ್ಲಿ ‘ಸ್ವಂತ ಬಳಕೆಯ’ ಎನ್ನಿ. ‘ಕ್ಯಾಪ್ಟಿವ್ ಎಲಿಫೆಂಟ್’ ಮಾತ್ರ ನಿಜಕ್ಕೂ ಸೆರೆಯದು. ಕನ್ನಡದಲ್ಲಿ ಅದು ಸಾಕಾನೆ, ದುಬಾರೆ, ಸಕ್ರೆಬೈಲಿನ ಬಿಡಾರಗಳಲ್ಲಿ ಇರುವಂಥದ್ದು. ಹೊಸದಾಗಿ ಹಿಡಿದ ಪುಂಡಾನೆಯನ್ನು ಪಳಗಿಸಲು ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಹೆಣೆದ ಬೋನಿಗೆ ಹಾಕುತ್ತಾರೆ. ಅದನ್ನು ಮಾವುತರು, ಅರಣ್ಯ ಇಲಾಖೆಯವರು ‘ಕ್ರಾಲ್’ ಎನ್ನುತ್ತಾರೆ. ಇದು ದಕ್ಷಿಣ ಆಫ್ರಿಕಾದ ಡಚ್ಚರಿಂದ ಇಂಗ್ಲಿಷಿಗೆ ಬಂದ ದೊಡ್ಡಿಯ ಹೆಸರು, ತೆವಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂಪೌಂಡ್ ಮತ್ತು ಸೀಜ್?

ಪೌಂಡ್ ಅಂದರೆ ದೊಡ್ಡಿ. ಬೆಳೆ ಮೇಯ್ದ ದನವನ್ನು ಪಂಚಾಯ್ತಿಯ ದೊಡ್ಡಿಗೆ ಹೊಡೆಯುವುದೇ ಇಂಪೌಂಡ್‌ನ ಮೊದಲ ಅರ್ಥ. ಈಗ ವಾಹನಕ್ಕೂ ಪಾಸ್‌ಪೋರ್ಟಿಗೂ ಸಲ್ಲುತ್ತದೆ. ಸೀಜ್ ಅಂದರೆ ಆ ಗಳಿಗೆಯಲ್ಲಿ ವಶಪಡಿಸಿಕೊಳ್ಳುವುದು, ಇಂಪೌಂಡ್ ಅಂದರೆ ತಡೆದು ಇಟ್ಟುಕೊಳ್ಳುವುದು. ಪೊಲೀಸರು ಪಾಸ್‌ಪೋರ್ಟನ್ನು ಸೀಜ್ ಮಾಡಬಹುದು, ಇಂಪೌಂಡ್ ಮಾಡುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರದ್ದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿದೆ.

‘ಟೈಡ್ ಅಪ್’, ‘ಗ್ರೌಂಡೆಡ್’, ‘ಕೂಪ್ಡ್ ಅಪ್’ ಇವೆಲ್ಲ ಮೇಲ್‌ನಲ್ಲಿ ಬಳಸಬಹುದೇ?

‘ಟೈಡ್ ಅಪ್’ ಧಾರಾಳವಾಗಿ, ಕೆಲಸದಲ್ಲಿ ಮುಳುಗಿದ್ದೇನೆ ಅಂತ ಅರ್ಥ. ‘ಟೈ-ಅಪ್’ ಎಂದು ನಾವು ಕಂಪನಿಗಳ ಒಪ್ಪಂದಕ್ಕೆ ಬಳಸುವುದನ್ನು ಇದಕ್ಕೆ ಬೆರೆಸಬೇಡಿ. ವಿಮಾನ ಗ್ರೌಂಡೆಡ್ ಆದರೆ ಹಾರಾಟ ನಿಲ್ಲಿಸಿದ್ದಾರೆ, ಮಗ ಗ್ರೌಂಡೆಡ್ ಆದರೆ ಸಂಜೆ ಆಟಕ್ಕೆ ಬಿಟ್ಟಿಲ್ಲ, ಮನುಷ್ಯ ಗ್ರೌಂಡೆಡ್ ಎಂದರೆ ಕಾಲು ನೆಲದ ಮೇಲಿದೆ ಎಂಬ ಹೊಗಳಿಕೆ. ಕೂಪ್ ಕೋಳಿಗೂಡು. ‘ಕೂಪ್ಡ್ ಅಪ್’ ಮನೆಮಾತು, ಮ್ಯಾನೇಜರಿಗೆ ಬರೆಯುವ ಮಾತಲ್ಲ.

‘ರಿಸ್ಟ್ರಿಕ್ಟೆಡ್ ಹಾಲಿಡೇ’ ಅಂದರೆ ರಜೆ ಇಲ್ಲ ಅಂತಲೇ?

ಇದೆ. ಪಟ್ಟಿಯಲ್ಲಿರುವ ದಿನಗಳ ಪೈಕಿ ಇಂತಿಷ್ಟನ್ನು ನೌಕರರೇ ಆರಿಸಿಕೊಳ್ಳಬಹುದು. ರಾಜ್ಯ ಸರ್ಕಾರ ಬಳಸುವ ‘ಪರಿಮಿತ ರಜೆ’ ಒಳ್ಳೆಯ ಅನುವಾದ. ಈ ಪದ ಭಾರತದ ಹೊರಗಿನ ಸಹೋದ್ಯೋಗಿಗೆ ಅರ್ಥವಾಗದು, ‘ಆಪ್ಷನಲ್ ಹಾಲಿಡೇ’ ಎನ್ನಿ.

ಇಂಟರ್ನ್ ಮತ್ತು ಇಂಟರ್ನ್‌ಮೆಂಟ್?

ಕಚೇರಿಯ ಇಂಟರ್ನ್ ಕಲಿಯಲು ಬಂದವನು, ಅವನದು ಇಂಟರ್ನ್‌ಶಿಪ್. ಯುದ್ಧಕಾಲದಲ್ಲಿ ಶತ್ರುದೇಶದ ನಾಗರಿಕರನ್ನು ಶಿಬಿರದಲ್ಲಿ ಇಡುವುದು ಇಂಟರ್ನ್‌ಮೆಂಟ್. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಜಾಲಹಳ್ಳಿ ಕಡೆ ಇದ್ದ ಇಟಲಿಯವರು ಸೈನಿಕರು, ಆದ್ದರಿಂದ ಅವರು ‘ಪ್ರಿಸನರ್ಸ್ ಆಫ್ ವಾರ್’, ಇಂಟರ್ನೀಗಳಲ್ಲ. ಅಮೆರಿಕ 1942ರಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಕ್ಕೆ ಹಾಕಿತು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದ ಪ್ರಜೆಗಳೇ ಆಗಿದ್ದರಿಂದ, ಇಂಟರ್ನ್‌ಮೆಂಟ್ ಬಿಟ್ಟು ‘ಇನ್‌ಕಾರ್ಸರೇಷನ್’ (ಸೆರೆವಾಸ) ಎನ್ನಬೇಕು ಎಂದು ಈಗ ಹಲವರ ಒತ್ತಾಯ. ಸ್ವಂತ ಪ್ರಜೆಯನ್ನು ಶತ್ರು ಎನ್ನುವುದು ಹೇಗೆ ಎಂಬ ಆ ವಾದ ನನಗೆ ಸರಿ ಕಾಣುತ್ತದೆ.

ಕ್ಲೈಂಟ್ ಕಡೆಯವರು ‘ಫರ್ಲೋ’ದಲ್ಲಿದ್ದಾರಂತೆ. ಅದು ಕೈದಿಗಳಿಗೆ ಕೊಡುವುದಲ್ಲವೇ?

ನಮ್ಮಲ್ಲಿ ಹೌದು. ದೀರ್ಘ ಶಿಕ್ಷೆಯ ಕೈದಿಗೆ, ವಿಶೇಷ ಕಾರಣವಿಲ್ಲದೆಯೂ, ನಿಯಮದಂತೆ ಸಿಗುವ ಬಿಡುವು ಫರ್ಲೋ. ಮನೆಯಲ್ಲಿ ಸಾವೋ ಮದುವೆಯೋ ಇದ್ದಾಗ ಕಾರಣ ತೋರಿಸಿ ಪಡೆಯುವುದು ಪೆರೋಲ್, ಅವಧಿ ಮುಗಿದ ಮೇಲೆ ಜೈಲಿಗೆ ಮರಳಬೇಕು. ಅಮೆರಿಕದಲ್ಲಿ ಪೆರೋಲ್ ಎಂದರೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಹೊರಬಿಡುವುದು, ತಪ್ಪು ಮಾಡದಿದ್ದರೆ ಮರಳಬೇಕಿಲ್ಲ. ಅಲ್ಲಿ ಫರ್ಲೋ ಹೆಚ್ಚಾಗಿ ನೌಕರರಿಗೆ: ಸರ್ಕಾರಿ ಶಟ್‌ಡೌನ್ ಆದಾಗ ಸಂಬಳವಿಲ್ಲದೆ ಮನೆಗೆ ಕಳಿಸುವುದು. ಬ್ರಿಟನ್ನಿನಲ್ಲಿ 2020ರಲ್ಲಿ ಇದೇ ಹೆಸರಿನ ಯೋಜನೆಯಡಿ ಸರ್ಕಾರ ಸಂಬಳದ ಶೇ 80ರಷ್ಟನ್ನು ಒಂದು ಮಿತಿಯೊಳಗೆ ಕೊಟ್ಟಿತ್ತು. ಹಾಗಾಗಿ ಮೇಲ್‌ಗೆ ಉತ್ತರಿಸುವಾಗ ‘ಬಿಡುಗಡೆ ಯಾವಾಗ’ ಎಂದು ಕೇಳಬೇಡಿ, ‘ವೆನ್ ಆರ್ ದೇ ಬ್ಯಾಕ್ ಅಟ್ ವರ್ಕ್’ ಎಂದರೆ ಸಾಕು.